ಬಿಸಿಲಿಗೆ ಬೀಗ ಹಾಕಿದವರು

ವಿಶ್ವವಿದ್ಯಾನಿಲಯದ ಚರಿತ್ರೆ ಅಂದರೆ ಕುಲಪತಿಗಳ ಫೋಟೋ, ಕಟ್ಟಡಗಳ ಶಂಕುಸ್ಥಾಪನೆ, ಘಟಿಕೋತ್ಸವದ ಭಾಷಣ, ಇಷ್ಟೇ ಅಂತ ನಮಗೆ ಕಲಿಸಿದ್ದಾರೆ. ಆಡಳಿತ ಮಂಡಳಿಯಲ್ಲಿ ಕೂತವರು ಹಾಕಿದ ಒಂದು ಸಹಿ ಯಾವುದೋ ಬಡವರ ಕೇರಿಯ ಮಗುವಿನ ಮೂಳೆಯವರೆಗೂ ಹೇಗೆ ಮುಟ್ಟುತ್ತದೆ ಅನ್ನೋದನ್ನು ಆ ಚರಿತ್ರೆ ಹೇಳುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕತೆಯನ್ನು ನಾವು ಇಲ್ಲಿ ತೆಗೆದಿರುವುದು ಅದಕ್ಕಾಗಿಯೇ.

ಮೊದಲು ನೆಲದ ಮಾತು. ಆ ಕಟ್ಟಡಗಳು ನಿಂತಿರುವ ಮ್ಯಾಡಿಸನ್ ನಗರದ ನೆಲ ಹೋ-ಚಂಕ್ ಎಂಬ ಮೂಲನಿವಾಸಿಗಳದ್ದು. 1832ರ ಒಪ್ಪಂದದಲ್ಲಿ ಅದು ಅವರ ಕೈಬಿಟ್ಟಿತು. 1862ರ ಮಾರಿಲ್ ಕಾಯ್ದೆಯ ಪ್ರಕಾರ ಕೃಷಿ ಶಿಕ್ಷಣಕ್ಕೆಂದು ಇನ್ನೂ 2 ಲಕ್ಷ 30 ಸಾವಿರ ಎಕರೆಗೂ ಮಿಕ್ಕಿದ ಭೂಮಿ ಬಂತು. ಅದೂ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದೇ. ಆ ಭೂಮಿ ಮಾರಿದ ದುಡ್ಡು ವಿಶ್ವವಿದ್ಯಾನಿಲಯದ ನಿಧಿಯಾಯಿತು. ವಿದ್ಯೆಯ ಗುಡಿಗೆ ಅಡಿಪಾಯ ಬಿದ್ದದ್ದು ಹೀಗೆ.

1925ರಲ್ಲಿ ಅಲ್ಲಿನ ರೀಜೆಂಟರ ಮಂಡಳಿ, ಅಂದರೆ ನಮ್ಮ ಸಿಂಡಿಕೇಟಿನಂಥದ್ದು, ಎರಡು ತೀರ್ಮಾನ ಮಾಡಿತು. ಒಂದು, ರಾಕ್‌ಫೆಲರ್‌ನಂಥ ಧನಿಕರ ಪ್ರತಿಷ್ಠಾನಗಳ ದಾನ ಬೇಡ ಅನ್ನೋದು. ಪರವಾಗಿ 9 ಮತ, ವಿರೋಧವಾಗಿ 6. ಉಂಡ ಮನೆಯ ಜಂತೆ ಎಣಿಸೋಕಾಗುತ್ತದೆಯೆ? ಎಣ್ಣೆ ದೊರೆಗಳ ದುಡ್ಡು ತಿಂದ ಮೇಲೆ ಅವರನ್ನು ಪ್ರಶ್ನಿಸುವ ಬಾಯಿ ಉಳಿಯುತ್ತದೆಯೆ? ಅದೇ ಆ ತೀರ್ಮಾನದ ಹಿಂದಿದ್ದ ಅಂಜಿಕೆ. ದಿಟ್ಟ ಮಾತೇ. ಆದರೆ 1930ರಲ್ಲಿ ಅದನ್ನು ರದ್ದು ಮಾಡಿದರು.

ಎರಡನೆಯ ತೀರ್ಮಾನ ಅಷ್ಟು ಸದ್ದು ಮಾಡಲಿಲ್ಲ. ಅದು ಮಾತ್ರ ಉಳಿಯಿತು.

ಆ ಕಾಲದಲ್ಲಿ ರಿಕೆಟ್ಸ್ ರೋಗ ಬಡವರ ಮಕ್ಕಳನ್ನು ಹಿಂಡುತ್ತಿತ್ತು. ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಹಾಗೆ ಬಾಗುತ್ತಿತ್ತು. ಹೊಗೆ ಮುಚ್ಚಿದ ನಗರಗಳ ಕತ್ತಲ ಕೋಣೆಗಳಲ್ಲಿ ಬದುಕುತ್ತಿದ್ದ ಕಪ್ಪು ಜನರ ಮಕ್ಕಳಿಗೆ ಅದರ ಏಟು ಎಲ್ಲರಿಗಿಂತ ಹೆಚ್ಚು. ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರಾಧ್ಯಾಪಕ ಆಹಾರಕ್ಕೆ ಅತಿನೇರಳೆ ಕಿರಣ ಹಾಯಿಸಿದರೆ ಅದರಲ್ಲಿ ವಿಟಮಿನ್ 'ಡಿ' ಹುಟ್ಟುತ್ತದೆ, ರೋಗ ವಾಸಿಯಾಗುತ್ತದೆ ಅಂತ 1924ರಲ್ಲಿ ತೋರಿಸಿದ. ಕೆಲಸ ನಡೆದದ್ದು ಸಾರ್ವಜನಿಕರ ಪ್ರಯೋಗಶಾಲೆಯಲ್ಲಿ. ಅವನು ಪೇಟೆಂಟನ್ನು ವಿಶ್ವವಿದ್ಯಾನಿಲಯಕ್ಕೇ ಕೊಡಲು ಮುಂದಾದ. ಮಂಡಳಿ ಅದನ್ನು ತನ್ನ ಕೈಯಲ್ಲಿಟ್ಟುಕೊಳ್ಳಲಿಲ್ಲ. ಹಳೆಯ ವಿದ್ಯಾರ್ಥಿಗಳಾದ ಉಳ್ಳವರು ಕೂಡಿ ಒಂದು ಪ್ರತಿಷ್ಠಾನ ಕಟ್ಟಲು 1925ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಹೆಸರು 'ವಾರ್ಫ್'. ಜನರ ಜ್ಞಾನ ಜನ ಪ್ರಶ್ನೆ ಕೇಳಲಾಗದ ಕೈಗೆ ಹೋಯಿತು.

ಮುಂದೆ ನಡೆದದ್ದು ನೋಡಿ. ಕ್ವೇಕರ್ ಓಟ್ಸ್‌ಗೆ ಪರವಾನಗಿ ಸಿಕ್ಕಿತು, ಔಷಧಿ ಕಂಪನಿಗಳಿಗೂ ಸಿಕ್ಕಿತು. ಮಾರ್ಗರಿನ್ ಮಾಡುವವರಿಗೆ ಮಾತ್ರ ಇಲ್ಲ. ಮಾರ್ಗರಿನ್ ಅಂದರೆ ಬಡವರ ಬೆಣ್ಣೆ, ನಮ್ಮಲ್ಲಿ ತುಪ್ಪ ಕೊಳ್ಳಲಾಗದವರಿಗೆ ಡಾಲ್ಡಾ ಇದ್ದ ಹಾಗೆ. ವಿಸ್ಕಾನ್ಸಿನ್ ಹೈನುಗಾರರ ರಾಜ್ಯ. ಬೆಣ್ಣೆಯ ಮಾರುಕಟ್ಟೆ ಕೆಡಬಾರದು. ಹಳದಿ ಬಣ್ಣದ ಮಾರ್ಗರಿನ್ ಮಾರುವುದೇ ಅಲ್ಲಿ 1895ರಿಂದ 1967ರವರೆಗೆ ಅಪರಾಧವಾಗಿತ್ತು! ರೋಗ ಯಾರಿಗೆ ಹೆಚ್ಚೋ ಅವರ ಊಟಕ್ಕೇ ಔಷಧಿ ಇಲ್ಲವಾಯಿತು.

ಈ ದುಡ್ಡಿನಿಂದ ಒಳ್ಳೆಯದೂ ಆಯಿತು, ಇಲ್ಲವೆನ್ನುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸಂಶೋಧನೆ ನಿಲ್ಲದಂತೆ ವಾರ್ಫ್ ಕಾಪಾಡಿತು. 1940ರ ದಶಕದ ಕೊನೆಗೆ ಅಧ್ಯಾಪಕರಿಗೆ ಮನೆಗಳೆದ್ದವು. ಆದರೆ ಬಾಗಿದ ಕಾಲಿನ ಮಗುವಿಗೆ ಈ ಲೆಕ್ಕ ಒಪ್ಪಿಸುವವರು ಯಾರು?

ಕೊನೆಗೆ ಕೋರ್ಟೇ ಕೇಳಿತು. ವಿಟಮಿನ್ ಟೆಕ್ನಾಲಜಿಸ್ಟ್ಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಪೇಟೆಂಟುಗಳು ಊರ್ಜಿತವಲ್ಲ ಅಂದಿತು. ಮೇವನ್ನು ಬಿಸಿಲಲ್ಲಿ ಹರಡಿ ಒಣಗಿಸುವ ರೈತ ಈ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿದ್ದಾನಲ್ಲ! ಬಡವರ ಮಾರ್ಗರಿನ್‌ಗೆ ಪರವಾನಗಿ ನಿರಾಕರಿಸಿದ ವಿಷಯವನ್ನೂ ನ್ಯಾಯಾಲಯ ಎತ್ತಿ ಆಡಿತು. ಸರ್ಕಾರವೂ ಏಕಸ್ವಾಮ್ಯದ ದಾವೆ ಹೂಡಿತ್ತು. 1946ರಲ್ಲಿ ಪೇಟೆಂಟುಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಡಬೇಕಾಯಿತು.

ಇದು ದೂರದ ಕತೆ ಅಂತ ಕೂರುವ ಹಾಗಿಲ್ಲ. 1980ರ ಬೇ-ಡೋಲ್ ಕಾಯ್ದೆ ಸರ್ಕಾರಿ ದುಡ್ಡಿನ ಸಂಶೋಧನೆಗೂ ಪೇಟೆಂಟ್ ಹಿಡಿಯುವ ಹಾದಿಯನ್ನು ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆಲ್ಲ ಅಗಲ ಮಾಡಿತು. 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರ ಗಾಯಕ್ಕೆ ಅರಿಸಿನ ಹಚ್ಚುವುದಕ್ಕೇ ಪೇಟೆಂಟ್ ಪಡೆಯಿತು. ನಮ್ಮ ಅವ್ವಂದಿರ ಕೈಗುಣಕ್ಕೆ ಪೇಟೆಂಟು! ಭಾರತದ ಸಿಎಸ್‌ಐಆರ್ ದಾಖಲೆ ಹಿಡಿದು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬೇ-ಡೋಲ್ ಮಾದರಿಯ ಮಸೂದೆ 2008ರಲ್ಲಿ ನಮ್ಮ ರಾಜ್ಯಸಭೆಗೂ ಬಂತು, 2014ರಲ್ಲಿ ವಾಪಸಾಯಿತು. ಒಮ್ಮೆ ಬಂದದ್ದು ಇನ್ನೊಮ್ಮೆ ಬರುವುದಿಲ್ಲ ಅಂತ ಯಾರು ಹೇಳಿಯಾರು?

ವಿಸ್ಕಾನ್ಸಿನ್‌ನಲ್ಲಿ ವಾರ್ಫ್ ಬೆಳೆಯುತ್ತಿದ್ದ 1927ರಲ್ಲೇ ಇಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಎದ್ದು ನಿಂತು, ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಹಿಂದುಳಿದವರಿಗೂ ಜಾಗ ಬೇಕು ಅಂತ ವಾದಿಸಿದ್ದರು. ಅದು ಬರೀ ಕುರ್ಚಿಯ ಮಾತಲ್ಲ. ಭೂಮಿ ಯಾರದ್ದು, ಹಣ ಯಾರದ್ದು, ಕಂಡುಹಿಡಿದ ಔಷಧಿ ಯಾರ ಬಾಯಿಗೆ, ಇವೆಲ್ಲ ತೀರ್ಮಾನವಾಗುವುದು ಆ ಮೇಜಿನ ಸುತ್ತಲೇ.

ಹಾಸ್ಟೆಲಿನ ಗೆಳೆಯರೇ, ಹಳ್ಳಿಯ ಮೇಷ್ಟ್ರೇ, ಸೀಟು ಕೇಳುವುದನ್ನು ನಾವು ಕಲಿತಿದ್ದೇವೆ. ಸಿಂಡಿಕೇಟಿನ ನಡವಳಿಯ ಪುಸ್ತಕ ಕೇಳುವುದನ್ನೂ ಇನ್ನು ಕಲಿಯೋಣ.