ಕಿತ್ತೂರಿನ ಶೇತಸನದಿಗಳು: ಕೋಟೆಗಾವಲಿನಿಂದ ಗ್ರಾಮಚಾಕರಿಗೆ

ಪಡೆಯೊಂದು ಅನಾವಶ್ಯಕವಾದಾಗ ಅದರ ಯೋಧರು ಏನಾಗುತ್ತಾರೆ? ಕಿತ್ತೂರಿನ ಶೇತಸನದಿಗಳ ವೃತ್ತಾಂತವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಇಂದು ಲೋಂಡಾ ಸೇರಿರುವ ಖಾನಾಪುರ ತಾಲೂಕಿನ ನಂದಗಡ, ಬೀಡಿ ಮೊದಲಾದ ಊರುಗಳು ಆ ಸಂಸ್ಥಾನಕ್ಕೆ ಒಳಪಟ್ಟಿದ್ದವು.

‘ಶೇತ’ವೆಂದರೆ ಹೊಲ, ‘ಸನದು’ ಎಂದರೆ ಅದನ್ನು ಕೊಟ್ಟುದಕ್ಕೆ ಬರೆದ ರಾಜಪತ್ರ. ವೇತನಕ್ಕೆ ಬದಲಾಗಿ ಭೂಮಿಯನ್ನು ಪಡೆದು, ಶಾಂತಿಕಾಲದಲ್ಲಿ ಉತ್ತು ಬಿತ್ತಿ, ಕರೆ ಬಂದೊಡನೆ ಆಯುಧ ಹಿಡಿದು ಕೋಟೆಯನ್ನು ಕಾಯುವುದು ಇವರ ವಂಶಪಾರಂಪರ್ಯ ವೃತ್ತಿ.

1824ರ ಡಿಸೆಂಬರಿನಲ್ಲಿ ಕಿತ್ತೂರು ಕೋಟೆಯು ಕುಂಪಣಿಯ ವಶವಾದೊಡನೆ ಈ ವೃತ್ತಿಗೆ ನೆಲೆ ತಪ್ಪಿತು. ಕುಂಪಣಿಗೆ ತನ್ನದೇ ದಂಡಿತ್ತು. ಆದರೂ ಊರು ಊರಿನ ದಾರಿಯನ್ನು ಬಲ್ಲ ಇವರನ್ನು ಅದು ಕೈಬಿಡದೆ, ಗ್ರಾಮದ ಕಾವಲಿಗೂ ಕಂದಾಯದ ಚಾಕರಿಗೂ ಹಚ್ಚಿತು. ಅದೇ ವೇಳೆಗೆ ಇವರ ಹೊಲಗಳ ಮೇಲೆ ಕಂದಾಯದ ಭಾರ ಬಿದ್ದಿತು. ಕೆಲವರ ಹೊಲಗಳು ಸರ್ಕಾರಕ್ಕೇ ಸೇರಿದವು.

ಅಸಮಾಧಾನದ ಮೂಲವಿರುವುದು ಇಲ್ಲಿ. ಸ್ವತಃ ಶೇತಸನದಿಯಾಗಿದ್ದ ಸಂಗೊಳ್ಳಿ ರಾಯಣ್ಣನು 1829–30ರಲ್ಲಿ ಬಂಡೆದ್ದಾಗ, ಅವನೊಡನೆ ನಿಂತವರಲ್ಲಿ ಇಂತಹವರು ಅನೇಕರಿದ್ದರು. ಬೀಡಿಯ ಸರ್ಕಾರಿ ಕಚೇರಿಯು ಬೆಂಕಿಗೆ ಆಹುತಿಯಾಯಿತು. 1831ರ ಜನವರಿಯಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಶೇತಸನದಿಯೆಂಬ ಹೆಸರು ಮಾತ್ರ ಗ್ರಾಮಸೇವಕರ ಒಂದು ವರ್ಗಕ್ಕೆ ಉಳಿದುಬಂದಿತು. ಇಂತಹ ವಂಶಪಾರಂಪರ್ಯ ಚಾಕರಿಗಳನ್ನು ರದ್ದುಪಡಿಸಿದುದು 1961ರ ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮ. ಕುಂಪಣಿಯು ಯೋಧನಿಗೆ ಬೇರೆ ಕೆಲಸವನ್ನು ಕೊಟ್ಟಿತು, ನಿಜ; ಆದರೆ ಹಳೆಯ ಸೇವೆಗೆ ಸಂದಿದ್ದ ಭೂಮಿಯೂ ಮಾನವೂ ಆ ಕೆಲಸದೊಡನೆ ಬರಲಿಲ್ಲ. ದಂಗೆಯ ಕಾರಣಗಳನ್ನು ಅರಸುವವರು ಇದನ್ನು ಮರೆಯಲಾಗದು.