ಎಫ್‌ಪಿಯು: ಹೆಸರಿನಿಂದ ಬಿಟ್ಟುಹೋದ ‘ಟಿ’

ಇವತ್ತಿನ ಸಂಚಿಕೆ ಒಂದು ಹಳೇ ವರದಿಯ ಮೊದಲ ಪುಟದ ಬಗ್ಗೆ. ವರದಿಯ ನಂಬರ್ ಎಲ್‌ಎ-1940. ಅದನ್ನ ಇಸವಿ ಅಂದ್ಕೋಬೇಡಿ, ಬರೀ ಕ್ರಮಸಂಖ್ಯೆ. ವರದಿ ಬಂದಿದ್ದು 1955ರ ಮೇ ತಿಂಗಳಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಲಾಸ್ ಅಲಾಮೋಸ್ ಪ್ರಯೋಗಾಲಯದಿಂದ. ‘ಓಪನ್‌ಹೈಮರ್’ ಸಿನಿಮಾ ನೋಡಿದ್ರೆ ಆ ಜಾಗ ನಿಮಗೆ ಗೊತ್ತಿರುತ್ತೆ.

ಆ ಪುಟದಲ್ಲಿ ಹೆಸರುಗಳ ಎರಡು ಪಟ್ಟಿ ಇದೆ. ವರದಿ ಬರೆದವರು ಮೂರು ಜನ: ಎನ್ರಿಕೋ ಫರ್ಮಿ, ಜಾನ್ ಪಾಸ್ತಾ, ಸ್ಟಾನಿಸ್ಲಾವ್ ಉಲಾಮ್. ಕೆಲಸ ಮಾಡಿದವರು ನಾಲ್ಕು ಜನ: ಅದೇ ಮೂವರು, ಜೊತೆಗೆ ಎಂ. ತ್ಸಿಂಗೂ. ಒಳಗೆ ಒಂದು ಅಡಿಟಿಪ್ಪಣಿಯಲ್ಲಿ ಮಿಸ್ ಮೇರಿ ತ್ಸಿಂಗೂ ಅವರು ಚೆನ್ನಾಗಿ ಕೋಡ್ ಬರೆದು ಮಷೀನಿನಲ್ಲಿ ಲೆಕ್ಕ ಓಡಿಸಿಕೊಟ್ಟರು ಅಂತ ಧನ್ಯವಾದ ಹೇಳಿದ್ದಾರೆ. ಅಷ್ಟೇ.

ಒಂದು ವಿಷಯ ಗಮನಿಸಿ. ಫರ್ಮಿ ತೀರಿಕೊಂಡಿದ್ದು 1954ರ ನವೆಂಬರ್ 28ಕ್ಕೆ. ವರದಿ ಹೊರಬರೋ ಹೊತ್ತಿಗೆ ಅವರು ಹೋಗಿ ಆರು ತಿಂಗಳು. ಆದ್ರೂ ಬರೆದವರ ಪಟ್ಟಿಯಲ್ಲಿ ಅವರಿದ್ದಾರೆ. ಇರಲೇಬೇಕು, ಪ್ರಶ್ನೆ ಹುಟ್ಟಿದ್ದೇ ಅವರ ತಲೆಯಲ್ಲಿ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಆ ಲೆಕ್ಕವನ್ನ ನಿಜವಾಗಿ ನಡೆಸಿದಾಕೆ, ಬದುಕಿದ್ದಾಕೆ, ಆ ಪಟ್ಟಿಯಲ್ಲಿಲ್ಲ. ಮುಂದಿನ ಐವತ್ತು ವರ್ಷ ಇಡೀ ಜಗತ್ತು ಈ ಪ್ರಯೋಗವನ್ನ ಕರೆದಿದ್ದು ‘ಫರ್ಮಿ-ಪಾಸ್ತಾ-ಉಲಾಮ್ ಸಮಸ್ಯೆ’ ಅಂತ. ಚಿಕ್ಕದಾಗಿ ಎಫ್‌ಪಿಯು.

ಸೈಂಟಿಫಿಕ್ ಕಂಪ್ಯೂಟಿಂಗ್‌ನಲ್ಲಿ ಮಾಸ್ಟರ್ಸ್ ಮಾಡೋರಿಗೆ ಈ ಮೂರು ಅಕ್ಷರ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಎದುರಾಗುತ್ತೆ. ನನಗೂ ಆಯ್ತು. ಲ್ಯಾಪ್‌ಟಾಪ್, ಪೈಥಾನ್, ನಲವತ್ತು ಸಾಲಿನ ಕೋಡ್. ಸಮಸ್ಯೆ ಏನು ಅಂತ ಹೇಳಿಬಿಡ್ತೀನಿ, ಅದಿಲ್ಲದೆ ಮೇರಿಯವರ ಕೆಲಸದ ತೂಕ ಗೊತ್ತಾಗಲ್ಲ.

32 ಮಣಿಗಳನ್ನ ಸಾಲಾಗಿ ಇಟ್ಟು, ಪಕ್ಕಪಕ್ಕದ ಮಣಿಗಳ ನಡುವೆ ಸ್ಪ್ರಿಂಗ್ ಹಾಕಿದ್ದೀರಿ ಅಂದ್ಕೊಳ್ಳಿ. ಎರಡೂ ತುದಿ ಗೋಡೆಗೆ ಕಟ್ಟಿದೆ. ಒಂಥರಾ ತಂಬೂರಿಯ ತಂತಿ. ತಂತಿ ಹಲವು ರೀತಿಯಲ್ಲಿ ಅಲುಗಬಹುದು: ಇಡೀ ತಂತಿ ಒಂದೇ ಕಮಾನಾಗಿ, ಅಥವಾ ಎರಡು ಕಮಾನಾಗಿ, ಮೂರಾಗಿ. ಒಂದೊಂದು ರೀತಿಗೂ ‘ಮೋಡ್’ ಅಂತ ಹೆಸರು. ಸ್ಪ್ರಿಂಗ್ ತೀರಾ ಶಿಸ್ತಿನದಾದರೆ, ಅಂದರೆ ಎರಡರಷ್ಟು ಎಳೆದಾಗ ಸರಿಯಾಗಿ ಎರಡರಷ್ಟೇ ಬಲದಿಂದ ವಾಪಸ್ ಎಳೆದರೆ, ಮೊದಲ ಮೋಡ್‌ಗೆ ಕೊಟ್ಟ ಶಕ್ತಿ ಅಲ್ಲೇ ಉಳಿಯುತ್ತೆ. ಬೇರೆ ಮೋಡ್‌ಗೆ ಹೋಗಲ್ಲ.

ಆದರೆ ನಿಜವಾದ ಸ್ಪ್ರಿಂಗ್ ಅಷ್ಟು ಶಿಸ್ತಿನದಲ್ಲ. ಫರ್ಮಿ ಮತ್ತು ಗೆಳೆಯರು ಅದಕ್ಕೆ ಸ್ವಲ್ಪ ‘ನಾನ್‌ಲೀನಿಯರ್’ ಗುಣ ಸೇರಿಸಿದರು. ಅವರ ನಿರೀಕ್ಷೆ ಏನಿತ್ತು ಅಂದ್ರೆ, ಶಕ್ತಿ ನಿಧಾನವಾಗಿ ಎಲ್ಲ ಮೋಡ್‌ಗಳಿಗೂ ಹಂಚಿಹೋಗುತ್ತೆ. ಕಾಫಿಗೆ ಹಾಕಿದ ಸಕ್ಕರೆ ಕರಗಿ ಲೋಟದ ತುಂಬಾ ಹರಡುತ್ತಲ್ಲ, ಹಾಗೆ. ಉಷ್ಣ ಹೇಗೆ ಹರಡುತ್ತೆ ಅನ್ನೋ ಭೌತವಿಜ್ಞಾನ ನಿಂತಿರೋದೇ ಈ ನಂಬಿಕೆ ಮೇಲೆ. ಎಷ್ಟು ಹೊತ್ತಿಗೆ ಹರಡುತ್ತೆ ಅಂತ ನೋಡೋದಷ್ಟೇ ಉದ್ದೇಶ ಆಗಿತ್ತು.

ಆಗಿದ್ದೇ ಬೇರೆ. ಮೊದಮೊದಲು ಶಕ್ತಿ ಎರಡನೇ, ಮೂರನೇ, ನಾಲ್ಕನೇ ಮೋಡ್‌ಗೆ ಹರೀತು. ಲೆಕ್ಕವನ್ನ ಇನ್ನೂ ಮುಂದೆ ಓಡಿಸಿದಾಗ, ಮೊದಲ ಮೋಡ್ ಸುಮಾರು 157 ಸುತ್ತು ಅಲುಗಿದ ಮೇಲೆ, ಶೇಕಡಾ 97ರಷ್ಟು ಶಕ್ತಿ ಮತ್ತೆ ಮೊದಲ ಮೋಡ್‌ಗೇ ವಾಪಸ್ ಬಂದುಬಿಡ್ತು! ಕರಗಿದ ಸಕ್ಕರೆ ತಾನಾಗೇ ಮತ್ತೆ ತಳದಲ್ಲಿ ಹರಳಾಗಿ ಕೂತ ಹಾಗೆ.

ಇಂಥ ಫಲಿತಾಂಶ ನಿಮ್ಮ ಸ್ಕ್ರೀನ್ ಮೇಲೆ ಬಂದ್ರೆ ಮೊದಲು ಏನು ಅನ್ಸುತ್ತೆ? ಕೋಡ್‌ನಲ್ಲಿ ಬಗ್ ಇದೆ ಅಂತ. ನನಗೂ ಹಾಗೇ ಅನ್ನಿಸಿದ್ದು. ಸೈಂಟಿಫಿಕ್ ಕಂಪ್ಯೂಟಿಂಗ್ ಅನ್ನೋ ವಿದ್ಯೆಯ ಮುಕ್ಕಾಲು ಭಾಗ ಈ ಅನುಮಾನದ ಸುತ್ತಾನೇ ಇದೆ. ಮಷೀನು ಕಾಲವನ್ನ ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಕತ್ತರಿಸುತ್ತೆ. ಹೆಜ್ಜೆ ದೊಡ್ಡದಾದ್ರೆ ಲೆಕ್ಕ ಸಿಡಿದುಹೋಗುತ್ತೆ, ತೀರಾ ಚಿಕ್ಕದಾದ್ರೆ ಮುಗಿಯೋದೇ ಇಲ್ಲ. ಪ್ರತಿ ಸಂಖ್ಯೆಯ ಕೊನೇ ಅಂಕಿಗಳನ್ನ ಮಷೀನು ಕತ್ತರಿಸಿಬಿಡುತ್ತೆ, ಆ ತಪ್ಪು ಸಾವಿರಾರು ಹೆಜ್ಜೆಯಲ್ಲಿ ಸೇರ್ತಾ ಹೋಗಬಹುದು. ಹಾಗಾಗಿ ಒಟ್ಟು ಶಕ್ತಿ ಅಷ್ಟೇ ಉಳಿದಿದೆಯಾ, ಹೆಜ್ಜೆ ಅರ್ಧ ಮಾಡಿದ್ರೂ ಅದೇ ಉತ್ತರ ಬರುತ್ತಾ ಅಂತ ನೋಡ್ತಾ ಇರಬೇಕು. ಪ್ರಕೃತಿ ಆಶ್ಚರ್ಯ ಕೊಟ್ಟಿದ್ದಾ, ನನ್ನ ಕೋಡ್ ಕೈ ಕೊಟ್ಟಿದ್ದಾ? ಇದನ್ನ ತೀರ್ಮಾನ ಮಾಡೋದು ಯಾರು? ಕೋಡ್ ಬರೆದವರು. ಆದ್ದರಿಂದ ‘ಕೋಡ್ ಮಾತ್ರ ಬರೆದರು’ ಅನ್ನೋ ಮಾತು ನನಗೆ ಅರ್ಥವೇ ಆಗಲ್ಲ.

ಈಗ ಮೇರಿಯವರ ಕತೆಗೆ ಬರೋಣ. ಹುಟ್ಟಿದ್ದು 1928ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ, ಗ್ರೀಕ್ ಮೂಲದ ಮನೆಯಲ್ಲಿ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಕುಟುಂಬ ಯುರೋಪಿನ ಬಲ್ಗೇರಿಯಾಗೆ ಹೋಯ್ತು. 1940ರಲ್ಲಿ, ಯುದ್ಧ ಹತ್ತಿರ ಬರ್ತಿದ್ದಾಗ, ಅಮೆರಿಕದ ದೂತಾವಾಸದ ಸಲಹೆ ಕೇಳಿ ಹಡಗು ಹತ್ತಿ ವಾಪಸ್ ಬಂದರು. 1951ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಪದವಿ. 1955ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಎಂ.ಎಸ್. ಅಂದರೆ ವರದಿ ಬಂದ ವರ್ಷವೇ ಮಾಸ್ಟರ್ಸ್ ಕೂಡ. ಸೈಂಟಿಫಿಕ್ ಕಂಪ್ಯೂಟಿಂಗ್ ಅನ್ನೋ ಕೋರ್ಸಿಗೆ ಸೇರೋ ಭಾಗ್ಯ ಆ ಕಾಲದವರಿಗೆ ಎಲ್ಲಿ? ಮುಂದೆ ಆ ಕೋರ್ಸ್‌ಗಳಲ್ಲಿ ಪಾಠ ಆಗಲಿರೋ ಲೆಕ್ಕವನ್ನ ಆಕೆ ಕೆಲಸದ ಜಾಗದಲ್ಲಿ ಮಾಡ್ತಾ ಇದ್ದರು.

ಲಾಸ್ ಅಲಾಮೋಸ್‌ಗೆ ಅರ್ಜಿ ಹಾಕಿದ್ದು 1952ರಲ್ಲಿ, ಡಿಫರೆನ್ಷಿಯಲ್ ಸಮೀಕರಣ ಕಲಿಸ್ತಿದ್ದ ಪ್ರೊಫೆಸರ್ ಹೇಳಿದ್ದಕ್ಕೆ. ಆ ಪ್ರೊಫೆಸರ್ ಕೂಡ ಹೆಂಗಸೇ. ಗಣಿತ ಓದಿದ ಹೆಣ್ಣುಮಕ್ಕಳಿಗೆ ಆಗ ಇಂಥ ಕೆಲಸ ಸುಲಭಕ್ಕೆ ಸಿಗ್ತಿರಲಿಲ್ಲ. ಕೊರಿಯಾ ಯುದ್ಧದಿಂದ ಯುವಕರ ಕೊರತೆ ಆಗಿತ್ತು, ಅದಕ್ಕೇ ಬಾಗಿಲು ತೆರೀತು. ಮೊದಲು ಸೇರಿಸಿಕೊಂಡಿದ್ದು ಕೈಲೆಕ್ಕಕ್ಕೆ. ಅದಕ್ಕೂ ಹಿಂದೆ ‘ಕಂಪ್ಯೂಟರ್’ ಅಂದ್ರೆ ಮಷೀನಲ್ಲ, ಕೂತು ಲೆಕ್ಕ ಹಾಕೋ ಮನುಷ್ಯರು, ಬಹಳಷ್ಟು ಸಲ ಹೆಂಗಸರು. ಸ್ವಲ್ಪ ದಿನದಲ್ಲೇ ಮೇರಿಯವರು ನಿಕೊಲಸ್ ಮೆಟ್ರೊಪೊಲಿಸ್ ಅವರ ವಿಭಾಗಕ್ಕೆ, ಆಗಷ್ಟೇ ಸಿದ್ಧವಾಗಿದ್ದ ಮೇನಿಯಾಕ್ ಅನ್ನೋ ಮಷೀನಿನ ಹತ್ತಿರ ಬಂದರು. ಅದಕ್ಕೆ ಪ್ರೋಗ್ರಾಂ ಬರೆಯೋಕೆ ಯಾರಿಗೂ ಬರ್ತಿರಲಿಲ್ಲ. ಮೇರಿ ತ್ಸಿಂಗೂ, ಮೇರಿ ಹಂಟ್, ಇಬ್ಬರೇ ಶುರು ಮಾಡಿದರು.

ಮೇನಿಯಾಕ್‌ನ ಮೆಮೊರಿ ಎಷ್ಟು ಗೊತ್ತಾ? 40 ಬಿಟ್‌ನ 1024 ಪದಗಳು. ಕೂಡಿದ್ರೆ ಸುಮಾರು 5 ಕೆಬಿ. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಸ್ಟಿಕರ್ ಅದರೊಳಗೆ ಹಿಡಿಸೋದು ಕಷ್ಟ. ಫೋರ್ಟ್ರಾನ್ ಭಾಷೆ ಬಂದಿದ್ದು 1957ರಲ್ಲಿ, ಹಾಗಾಗಿ ಎಲ್ಲವನ್ನೂ ಮಷೀನಿನ ಆದೇಶಗಳಲ್ಲೇ ಬರೀಬೇಕು. ಮೊದಲು ಕಾಗದದ ಮೇಲೆ ಫ್ಲೋಚಾರ್ಟ್, ಒಂದೊಂದು ಸಂಖ್ಯೆ ಮೆಮೊರಿಯ ಯಾವ ಮನೆಯಲ್ಲಿ ಕೂರಬೇಕು ಅನ್ನೋ ಲೆಕ್ಕ, ಆಮೇಲೆ ಕೋಡ್. 32 ಮಣಿಗಳಿಗೆ ಸುಮಾರು 30,000 ಹೆಜ್ಜೆ ಓಡಿಸಿದ್ದಾರೆ. ನನ್ನ ಲ್ಯಾಪ್‌ಟಾಪ್‌ಗೆ ಅದು ಕೆಲವೇ ಸೆಕೆಂಡಿನ ಕೆಲಸ, ಆ ಸೆಕೆಂಡುಗಳಲ್ಲಿ ನಾನು ಫೋನ್ ನೋಡ್ತಾ ಇದ್ದೆ.

ಇದನ್ನೂ ಮುಚ್ಚಿಡೋದು ಬೇಡ: ಆ ಮಷೀನಿನ ಮುಖ್ಯ ಕೆಲಸ ಬಾಂಬ್ ಲೆಕ್ಕ. ಮೊದಲ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆದಿದ್ದು 1952ರ ನವೆಂಬರ್ 1ಕ್ಕೆ. ತಂತಿ, ಮಣಿ ಲೆಕ್ಕಕ್ಕೆಲ್ಲ ಸಿಕ್ಕಿದ್ದು ಉಳಿದ ಹೊತ್ತು. ಬಿಡುವಿನ ಲೆಕ್ಕವೇ ಚರಿತ್ರೆಯಲ್ಲಿ ಉಳೀತು ಅನ್ನೋದು ನನಗಂತೂ ಸಮಾಧಾನದ ವಿಷಯ.

ಅದೇ ಮಷೀನು, ಅದೇ ವರ್ಷಗಳು, ಇನ್ನೊಂದು ಉದಾಹರಣೆ. 1953ರ ಒಂದು ಪ್ರಬಂಧದಿಂದ ಬಂದಿದ್ದು ‘ಮೆಟ್ರೊಪೊಲಿಸ್ ಆಲ್ಗರಿದಮ್’. ಡೇಟಾ ಸೈನ್ಸ್ ಓದೋರು ಇವತ್ತಿಗೂ ಬಳಸ್ತಾರೆ. ಪ್ರಬಂಧಕ್ಕೆ ಐದು ಲೇಖಕರು, ಅದರಲ್ಲಿ ಇಬ್ಬರು ಹೆಂಗಸರು. ಮೇನಿಯಾಕ್‌ಗೆ ಕೋಡ್ ಬರೆದಿದ್ದು ಆರಿಯಾನಾ ರೋಸೆನ್‌ಬ್ಲೂತ್. ಅವರ ಸಹಲೇಖಕ, ಗಂಡ ಮಾರ್ಷಲ್ ರೋಸೆನ್‌ಬ್ಲೂತ್ ಮುಂದೆ ಹೇಳಿದ್ದು ಏನಂದ್ರೆ, ಮೆಟ್ರೊಪೊಲಿಸ್ ಅವರ ಪಾಲು ಮಷೀನಿನ ಸಮಯ ಕೊಟ್ಟಿದ್ದು ಅಷ್ಟೇ ಅಂತ. ಆದರೆ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದು, ಹಾಗಾಗಿ ಆಲ್ಗರಿದಮ್ಮೂ ಅವರದ್ದೇ ಆಯ್ತು.

ಎಫ್‌ಪಿಯು ಕಡೆ ಯಾರೋ ಕೂತು ಸಂಚು ಮಾಡಿ ಹೆಸರು ಅಳಿಸಿದರು ಅಂತ ನಾನು ಹೇಳಲ್ಲ. ಆಗ ಕೋಡಿಂಗ್ ಅಂದ್ರೆ ಟೈಪಿಂಗ್ ಥರ ಅನ್ನೋ ಭಾವನೆ ಇತ್ತು. ವರದಿ ಪ್ರಯೋಗಾಲಯದ ಒಳಗಿನದ್ದು, ಜರ್ನಲ್‌ನಲ್ಲಿ ಬರಲೇ ಇಲ್ಲ. 1965ರಲ್ಲಿ ಫರ್ಮಿಯವರ ಸಂಗ್ರಹಿತ ಲೇಖನಗಳ ಸಂಪುಟದಲ್ಲಿ ಅಚ್ಚಾದಾಗ ಅದು ಫರ್ಮಿಯವರ ಲೇಖನ ಅಂತಲೇ ಹರಡಿತು. ಇನ್ನೊಂದು ಕಾರಣ ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಚೆನ್ನಾಗಿ ಗೊತ್ತು. 1958ರಲ್ಲಿ ಮದುವೆ ಆಯ್ತು, ಹೆಸರು ಮೇರಿ ಮೆನ್ಜೆಲ್ ಆಯ್ತು. ಆಕೆ ಈ ಸಮಸ್ಯೆಯನ್ನ ಬಿಟ್ಟಿರಲೂ ಇಲ್ಲ. ಜೇಮ್ಸ್ ಟಕ್ ಜೊತೆ ಸೇರಿ ಇನ್ನೂ ದೀರ್ಘವಾಗಿ ಲೆಕ್ಕ ಓಡಿಸಿ, 1972ರಲ್ಲಿ ಪ್ರಕಟಿಸಿದರು. ಶಕ್ತಿ ಪ್ರತಿ ಸಲ ವಾಪಸ್ ಬರುವಾಗ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಹೋಗುತ್ತೆ. ಆದರೆ ಇನ್ನೂ ಕಾದರೆ ಅದೂ ತಿರುಗಿ, ಮೊದಲಿಗಿಂತ ಪೂರ್ತಿಯಾಗಿ ಹಿಂದಕ್ಕೆ ಬರುತ್ತೆ ಅಂತ ತೋರಿಸಿದರು. ಈ ಲೇಖನದ ಮೆನ್ಜೆಲ್ಲೇ ಆ ಅಡಿಟಿಪ್ಪಣಿಯ ಮಿಸ್ ತ್ಸಿಂಗೂ ಅಂತ ಎಷ್ಟು ಓದುಗರಿಗೆ ಹೊಳೆದಿರುತ್ತೆ?

ಅಷ್ಟರಲ್ಲಿ ಆ ವಿಚಿತ್ರ ಫಲಿತಾಂಶದಿಂದ ವಿಜ್ಞಾನದ ಹೊಸ ಶಾಖೆಯೇ ಹುಟ್ಟಿತ್ತು. 1965ರಲ್ಲಿ ನಾರ್ಮನ್ ಝಬುಸ್ಕಿ, ಮಾರ್ಟಿನ್ ಕ್ರುಸ್ಕಲ್ ಇದಕ್ಕೆ ವಿವರಣೆ ಹುಡುಕ್ತಾ, ಒಂದಕ್ಕೊಂದು ಡಿಕ್ಕಿ ಹೊಡೆದರೂ ಆಕಾರ ಕೆಡದೆ ಮುಂದೆ ಸಾಗೋ ಅಲೆಗಳನ್ನ ಕಂಡರು, ಅದಕ್ಕೆ ‘ಸಾಲಿಟಾನ್’ ಅಂತ ಹೆಸರಿಟ್ಟರು. ಮುಂದೆ ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕಿನ ಮಿಡಿತ ಹರಡದೆ ಹೋಗೋದು ಹೇಗೆ ಅನ್ನೋ ಪ್ರಶ್ನೆಗೂ ಇದೇ ವಿಚಾರ ಬಂತು. ಇನ್ನೊಂದು ಕಡೆ ರಷ್ಯಾದ ಬೋರಿಸ್ ಚಿರಿಕೋವ್ ಮತ್ತು ಸಂಗಡಿಗರು ಇದೇ ಸಮಸ್ಯೆಯಿಂದ ಕೇಯಾಸ್ ಕಡೆಗೆ ದಾರಿ ಮಾಡಿದರು. ಕಂಪ್ಯೂಟರ್ ಬರೀ ಉತ್ತರ ಕೊಡೋ ಯಂತ್ರ ಅಲ್ಲ, ಅದರಲ್ಲಿ ಪ್ರಯೋಗ ಮಾಡಬಹುದು ಅನ್ನೋದಕ್ಕೆ ಮೊದಲ ದೊಡ್ಡ ಉದಾಹರಣೆ ಅಂತ ಪಠ್ಯಗಳು ಕೊಡೋದೂ ಇದನ್ನೇ.

ಮಾಸ್ಟರ್ಸ್ ಓದ್ತಿರುವಾಗ ನಮ್ಮ ಗುಂಪಿನ ಪ್ರಾಜೆಕ್ಟ್‌ಗಳಲ್ಲೂ ಒಂದು ಮಾತು ಪದೇಪದೇ ಬರ್ತಿತ್ತು. ಸಮೀಕರಣ ಬರೆದವನು ‘ಐಡಿಯಾ ಕೊಟ್ಟವನು’. ಮೂರು ವಾರ ಕೂತು ಲೆಕ್ಕ ಯಾಕೆ ಸಿಡೀತಿದೆ ಅಂತ ಹುಡುಕಿದವಳು ‘ಇಂಪ್ಲಿಮೆಂಟೇಷನ್ ಮಾಡಿಕೊಟ್ಟವಳು’. ಪ್ರೆಸೆಂಟೇಷನ್‌ನ ಕೊನೇ ಸ್ಲೈಡಿನಲ್ಲಿ ಒಂದು ಥ್ಯಾಂಕ್ಸ್. ನಾನು ಎರಡು ಸಲ ಆ ಸ್ಲೈಡಿನಲ್ಲಿ ಇದ್ದೆ. ಮೂರನೇ ಸಲ ಎಲ್‌ಎ-1940ರ ಮೊದಲ ಪುಟದ ಪ್ರಿಂಟ್ ತಗೊಂಡು ಹೋಗಿ ಮೇಜಿನ ಮೇಲಿಟ್ಟೆ. ಜಗಳ ಆಗಲಿಲ್ಲ. ನಾಲ್ಕು ಜನರ ಹೆಸರೂ ಮೊದಲ ಸ್ಲೈಡಿಗೆ ಬಂತು.

ಮೇರಿಯವರು ಲಾಸ್ ಅಲಾಮೋಸ್‌ನಲ್ಲೇ ದುಡಿದು, ಫೋರ್ಟ್ರಾನ್‌ನಲ್ಲಿ ಪಳಗಿ, 1991ರಲ್ಲಿ ನಿವೃತ್ತರಾದರು. 2008ರ ಜನವರಿಯಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಥಿಯೆರಿ ದೊಷ್ವಾ, ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಆಕೆಯ ಬಗ್ಗೆ ಬರೆದು, ಇನ್ಮುಂದೆ ಇದನ್ನ ಫರ್ಮಿ-ಪಾಸ್ತಾ-ಉಲಾಮ್-ತ್ಸಿಂಗೂ ಸಮಸ್ಯೆ ಅಂತ ಕರೆಯೋಣ ಅಂದರು. ಆಗ ಮೇರಿಯವರಿಗೆ 79 ವರ್ಷ. ಈಗ ಹೊಸ ಪ್ರಬಂಧಗಳಲ್ಲಿ ಎಫ್‌ಪಿಯುಟಿ ಅಂತ ಬರೆಯೋದು ರೂಢಿ ಆಗ್ತಿದೆ. ಹಳೇ ಪುಸ್ತಕಗಳಲ್ಲಿ, ಹಳೇ ಲೆಕ್ಚರ್ ನೋಟ್ಸ್‌ನಲ್ಲಿ ಇನ್ನೂ ಮೂರೇ ಅಕ್ಷರ ಇದೆ. ನನ್ನ ಅಸೈನ್‌ಮೆಂಟ್ ಹಾಳೆಯಲ್ಲೂ ಮೂರೇ ಇತ್ತು, ನಾಲ್ಕನೆಯದನ್ನ ಪೆನ್ನಿನಲ್ಲಿ ಸೇರಿಸಿದೆ.