ಗೌಸ್ ಟಿಪ್ಪಣಿಯಿಂದ ತರಗತಿಯ ಹಲಗೆಯವರೆಗೆ

ಎಲೆಕ್ಟ್ರಾನಿಕ್ಸ್ ಓದುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೂರನೆಯ ವರ್ಷದ ಹೊತ್ತಿಗೆ ಒಂದು ಹೊಸ ವಿಷಯ ಎದುರಾಗುತ್ತದೆ. ಅದೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಕನ್ನಡದಲ್ಲಿ ಅಂಕೀಯ ಸಂಕೇತ ಸಂಸ್ಕರಣೆ. ಪುಸ್ತಕ ತೆರೆದರೆ ಕಣ್ಣಿಗೆ ಬೀಳುವುದು ಸಂಕಲನ ಚಿಹ್ನೆಗಳು ಮತ್ತು ಸಂಮಿಶ್ರ ಸಂಖ್ಯೆಗಳು. ಇದನ್ನು ಯಾರು, ಏತಕ್ಕಾಗಿ ಕಂಡುಹಿಡಿದರು ಎಂಬುದನ್ನು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಆದರೆ ಆ ಒಣ ಸೂತ್ರಗಳ ಹಿಂದೆ ಅಣುಬಾಂಬಿನ ಭಯ, ಭೂಮಿಯ ನಡುಕ, ಮನುಷ್ಯನ ಮಾತು ಎಲ್ಲವೂ ಇವೆ.

ಮೊದಲ ಪಾಠ: ಮಾದರಿ

ನಾವು ಆಡುವ ಮಾತು ಗಾಳಿಯಲ್ಲಿ ಎಡೆಬಿಡದೆ ಏರಿಳಿಯುವ ಅಲೆ. ಗಣಕಯಂತ್ರಕ್ಕೆ ಅಲೆ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಅಲೆಯ ಎತ್ತರವನ್ನು ನಿಯಮಿತ ಅಂತರದಲ್ಲಿ ಅಳೆದು ಅಂಕೆಗಳ ಸಾಲಾಗಿ ಬರೆದುಕೊಳ್ಳಬೇಕು. ಎಷ್ಟು ಬೇಗ ಬೇಗ ಅಳೆಯಬೇಕು? ಅಮೆರಿಕದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಪ್ರಮೇಯವಾಗಿ ಮಂಡಿಸಿದರು. ಅಲೆಯಲ್ಲಿರುವ ಅತಿ ವೇಗದ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಏನೂ ಕಳೆದುಹೋಗುವುದಿಲ್ಲ ಎಂಬುದೇ ಅದರ ಸಾರ. ದೂರವಾಣಿಯಲ್ಲಿ ಮಾತಿನ ಕಂಪನವನ್ನು ಸೆಕೆಂಡಿಗೆ ಸುಮಾರು 3,400ಕ್ಕೆ ಮಿತಿಗೊಳಿಸಿ, ಸೆಕೆಂಡಿಗೆ 8,000 ಸಲ ಅಳೆಯುವ ಪದ್ಧತಿ ಬಂದದ್ದು ಹೀಗೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಂಗೀತದ ಸಿ.ಡಿ.ಗೆ ಈ ಸಂಖ್ಯೆ 44,100.

ಎರಡನೆಯ ಪಾಠ: ಒಂದು ಸಭೆಯ ಕಥೆ

ಯಾವುದೇ ಅಲೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು ಫ್ರಾನ್ಸಿನ ಜೋಸೆಫ್ ಫೋರಿಯೆ 1807ರಲ್ಲೇ ಹೇಳಿದ್ದರು. ತೊಡಕಿದ್ದದ್ದು ಲೆಕ್ಕದಲ್ಲಿ. 1,024 ಅಂಕೆಗಳ ಸಾಲನ್ನು ನೇರ ವಿಧಾನದಲ್ಲಿ ಬಿಡಿಸಲು ಹತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರಗಳು ಬೇಕು. ಅಂದಿನ ಗಣಕಗಳಿಗೆ ಅದು ಬೆಟ್ಟದಷ್ಟು ಕೆಲಸ.

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ನೆಲದಡಿಯ ಪರೀಕ್ಷೆಗಳು ಅದರಿಂದ ಹೊರಗುಳಿದವು. ಎದುರು ಪಕ್ಷ ಗುಟ್ಟಾಗಿ ಸ್ಫೋಟಿಸಿದರೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವಿರಲಿಲ್ಲ. ದೂರದ ಭೂಕಂಪಮಾಪಕಗಳ ದಾಖಲೆಯಿಂದ ಸ್ಫೋಟವನ್ನೂ ಸಹಜ ಭೂಕಂಪವನ್ನೂ ಬೇರ್ಪಡಿಸಬೇಕಿತ್ತು. ಆ ದಿನಗಳಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ಸಭೆಯೊಂದರಲ್ಲಿ ಗಣಿತಜ್ಞ ಜಾನ್ ಟ್ಯೂಕಿ ಫೋರಿಯೆ ಲೆಕ್ಕವನ್ನು ಚುರುಕುಗೊಳಿಸುವ ಉಪಾಯವನ್ನು ಬರೆಯುತ್ತಿದ್ದುದನ್ನು ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್ ಗಮನಿಸಿದರು. ಅವರು ಅದನ್ನು ಐ.ಬಿ.ಎಂ.ನ ಜೇಮ್ಸ್ ಕೂಲಿ ಅವರಿಗೆ ಒಪ್ಪಿಸಿದರು. ನಿಜವಾದ ಉದ್ದೇಶ ಹೇಳದೆ, ಹೀಲಿಯಂ ಹರಳಿನ ಅಧ್ಯಯನಕ್ಕೆಂದು ಹೇಳಿದ್ದರಂತೆ!

1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಈ ವಿಧಾನವೇ ಇಂದು ಎಫ್.ಎಫ್.ಟಿ. ಎಂದು ಪ್ರಸಿದ್ಧ. ದೊಡ್ಡ ಲೆಕ್ಕವನ್ನು ಅರ್ಧ ಮಾಡು, ಅದನ್ನೂ ಅರ್ಧ ಮಾಡು ಎಂಬುದೇ ಅದರ ಗುಟ್ಟು. 1,024 ಅಂಕೆಗಳಿಗೆ ಕೆಲಸ ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅದಕ್ಕೆ ಪೇಟೆಂಟ್ ಹಿಡಿಯದೆ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು.

ಇಲ್ಲೊಂದು ಸೋಜಿಗವಿದೆ. ಜರ್ಮನಿಯ ಮಹಾ ಗಣಿತಜ್ಞ ಗೌಸ್ ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕುವಾಗ, 1805ರ ಸುಮಾರಿಗೆ, ಇದೇ ಉಪಾಯವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1866ರಲ್ಲಿ. ಅದರ ಮಹತ್ವವನ್ನು ಸಂಶೋಧಕರು ಎತ್ತಿ ತೋರಿಸಿದ್ದು 1984ರಲ್ಲಿ! ಜ್ಞಾನ ಪುಸ್ತಕದಲ್ಲಿದ್ದರೆ ಸಾಲದು. ಅದು ಕಲಿಸುವವರ ಬಾಯಿಗೂ ಕಲಿಯುವವರ ಕೈಗೂ ಬರಬೇಕು.

ಪ್ರಯೋಗಾಲಯದಿಂದ ತರಗತಿಗೆ

ಅಮೆರಿಕದ ಲಿಂಕನ್ ಪ್ರಯೋಗಾಲಯದಲ್ಲಿ ಬೆನ್ ಗೋಲ್ಡ್ ಮತ್ತು ಚಾರ್ಲ್ಸ್ ರೇಡರ್ ಮಾತನ್ನು ಸಂಕ್ಷೇಪಿಸುವ ಯಂತ್ರಗಳನ್ನು ಕಟ್ಟುವ ಮೊದಲು ಅವನ್ನು ಗಣಕದಲ್ಲಿ ಅನುಕರಿಸಿ ನೋಡುತ್ತಿದ್ದರು. ಕ್ರಮೇಣ ಒಂದು ಸತ್ಯ ಹೊಳೆಯಿತು: ಗಣಕದ ಲೆಕ್ಕ ಯಂತ್ರದ ಅನುಕರಣೆಯಾಗಿ ಉಳಿಯಬೇಕಿಲ್ಲ, ಲೆಕ್ಕವೇ ಯಂತ್ರವಾಗಬಹುದು. ಅವರ ಪುಸ್ತಕ 1969ರಲ್ಲಿ ಬಂತು. ಎಂ.ಐ.ಟಿ.ಯ ಪ್ರಾಧ್ಯಾಪಕ ಆಲನ್ ಓಪನ್‌ಹೈಮ್ ತಮ್ಮ ಹಳೆಯ ವಿದ್ಯಾರ್ಥಿ ರೊನಾಲ್ಡ್ ಶೇಫರ್ ಜೊತೆ ಬರೆದ ಪಠ್ಯಪುಸ್ತಕ 1975ರಲ್ಲಿ ಪ್ರಕಟವಾಯಿತು. ಚದುರಿದ್ದ ಲೇಖನಗಳು ಅದರಿಂದ ಒಂದು ಕ್ರಮಬದ್ಧ ಪಾಠವಾದವು. ದೂರದರ್ಶನದ ಓದುಗರಿಗೆ ಇನ್ನೊಂದು ಸಂಗತಿ ಹಿಡಿಸೀತು. ಅದೇ ವರ್ಷ ಓಪನ್‌ಹೈಮ್ ಅವರ ಪಾಠಗಳನ್ನು ವಿಡಿಯೋದಲ್ಲಿ ಚಿತ್ರೀಕರಿಸಲಾಯಿತು. ಇಂದು ಅವು ಯಾರಿಗಾದರೂ ಉಚಿತವಾಗಿ ನೋಡಸಿಗುತ್ತವೆ.

ಪಾಠ ಹರಡಿದಂತೆ ಸಾಧನಗಳೂ ಬಂದವು. 1978ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಮಾತಾಡುವ ಆಟಿಕೆಯನ್ನು ಹೊರತಂದಿತು. ಮುಂದೆ ಸಂಕೇತ ಸಂಸ್ಕರಣೆಗೆಂದೇ ಚಿಪ್‌ಗಳನ್ನು ತಯಾರಿಸಿದ ಆ ಕಂಪನಿ, 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು.

ನಮ್ಮ ನೆಲದಲ್ಲೇ

ಭೂಮಿಯ ನಡುಕವನ್ನು ಆಲಿಸುವ ಕೆಲಸಕ್ಕೂ ಕರ್ನಾಟಕಕ್ಕೂ ನಂಟಿದೆ. ಎಫ್.ಎಫ್.ಟಿ. ಪ್ರಕಟವಾದ 1965ರಲ್ಲೇ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿ, ಬ್ರಿಟನ್ನಿನ ಸಹಕಾರದೊಡನೆ ನಮ್ಮ ಪರಮಾಣು ಶಕ್ತಿ ಇಲಾಖೆ ಭೂಕಂಪಮಾಪಕಗಳ ಜಾಲವನ್ನು ಸ್ಥಾಪಿಸಿತು. ದೂರದ ನೆಲದಡಿ ಸ್ಫೋಟಗಳನ್ನು ಪತ್ತೆ ಹಚ್ಚುವುದು ಅದರ ಉದ್ದೇಶಗಳಲ್ಲೊಂದು. ಒಂದೇ ಮಾಪಕವಿದ್ದರೆ ಗಾಳಿ, ವಾಹನಗಳ ಸದ್ದಿನಲ್ಲಿ ದೂರದ ಕಂಪನ ಮುಚ್ಚಿಹೋಗಬಹುದು. ಹಲವು ಮಾಪಕಗಳಿಗೆ ಅಲೆ ಸ್ವಲ್ಪ ಸ್ವಲ್ಪ ಹಿಂದುಮುಂದಾಗಿ ತಲುಪುತ್ತದೆ. ಆ ವ್ಯತ್ಯಾಸವನ್ನು ಸರಿಪಡಿಸಿ ಎಲ್ಲವನ್ನೂ ಕೂಡಿದರೆ ನಿಜವಾದ ಅಲೆ ಒಂದಕ್ಕೊಂದು ಸೇರಿ ದೊಡ್ಡದಾಗುತ್ತದೆ. ಅಡ್ಡ ಸದ್ದು ಒಂದೊಂದು ಕಡೆ ಒಂದೊಂದು ಬಗೆಯದಾದ್ದರಿಂದ ಅಷ್ಟು ಬೆಳೆಯುವುದಿಲ್ಲ. ನೂರು ಮಾಪಕಗಳಿದ್ದರೆ ಅಲೆ ನೂರು ಪಟ್ಟು ಬೆಳೆದಾಗ ಸದ್ದು ಸುಮಾರು ಹತ್ತು ಪಟ್ಟು ಮಾತ್ರ.

ತರಗತಿಯ ಹಲಗೆಯ ಮೇಲಿನ ಸಂಕಲನ ಚಿಹ್ನೆಯ ಅರ್ಥವೂ ಇಂಥದೇ: ಕೂಡುವುದರಿಂದ ನಿಜವನ್ನು ಗದ್ದಲದಿಂದ ಬೇರ್ಪಡಿಸುವುದು. ಗೌಸ್ ಅವರ ಟಿಪ್ಪಣಿ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಿತು. ಇಂದು ಅದೇ ವಿಚಾರ ಒಂದು ಸೆಮಿಸ್ಟರಿನಲ್ಲಿ ಸಾಮಾನ್ಯ ವಿದ್ಯಾರ್ಥಿಯ ಕೈಗೆ ಸಿಗುತ್ತದೆ. ಮುಂದಿನ ಸಲ ಆ ಪುಸ್ತಕ ತೆರೆದಾಗ ಪ್ರತಿ ಅಧ್ಯಾಯದ ಎದುರಿಗೂ ಒಂದು ಪ್ರಶ್ನೆ ಬರೆದುಕೊಳ್ಳಿ: ಇದು ಯಾರ ಯಾವ ಕಷ್ಟಕ್ಕೆ ಉತ್ತರ? ಸೂತ್ರ ಮರೆತರೂ ಆ ಕಷ್ಟ ನೆನಪಿದ್ದರೆ ಸೂತ್ರವನ್ನು ಮತ್ತೆ ಹುಡುಕಿಕೊಳ್ಳಬಹುದು.